ಅಭಿವೃದ್ಧಿ ಕೆಲಸಕ್ಕೆ ಹೋಗುವ ಮಕ್ಕಳು ಎಲ್ಲಿ ಓದಬೇಕು?



ಪದವಿಯ ಕೊನೆಯ ವರ್ಷಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಕುಟುಂಬಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಬಿ.ಎಡ್. ಮಾಡಿಸುವುದು, ನರ್ಸಿಂಗ್‌ಗೆ ಕಳಿಸುವುದು, ಇಲ್ಲವೇ ಧಾರವಾಡದಲ್ಲಿ ಕೋಣೆ ಹಿಡಿದುಕೊಟ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಸುವುದು. ಆದರೆ ಕೆಲವು ಮನೆಗಳಲ್ಲಿ ಮಗನೋ ಮಗಳೋ ಬೇರೆಯೇ ಮಾತೆತ್ತುತ್ತಾರೆ: "ಅಪ್ಪಾ, ನಾನು ಅಭಿವೃದ್ಧಿ ಕೆಲಸಕ್ಕೆ ಹೋಗತೀನಿ. ಯುನಿಸೆಫ್, ಕಾರಿತಾಸ್ ಅಂಥಾ ಸಂಸ್ಥೆಯೊಳಗ ದುಡೀಬೇಕಂತೀನಿ. ಅದಕ್ಕ ಫಾರಿನ್‌ನಾಗ ಓದಬೇಕಂತ." ಅಪ್ಪನಿಗೆ ಈ ಕೆಲಸದ ಹೆಸರೇ ಹೊಸದು. ಅವ್ವನಿಗೆ ಕೇಳಿಸುವುದು ಫಾರಿನ್ ಎಂಬ ಒಂದೇ ಶಬ್ದ.

ಇಂಥ ಮಾತು ಬಂದಾಗ ಮಕ್ಕಳನ್ನು ಗದರಿಸಿ ಸುಮ್ಮನಾಗಿಸಬಾರದು. ಬಡವರ ಬಾಳು ಹಸನಾಗಲೆಂದು ದುಡಿಯುವುದು ಧರ್ಮಸಭೆಗೆ ಹೊರಗಿನ ವಿಷಯವಲ್ಲ. ಜಗದ್ಗುರು ಆರನೆಯ ಪೌಲರು 1967ರಲ್ಲಿ ಜನಾಂಗಗಳ ಅಭಿವೃದ್ಧಿಯ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಅದಕ್ಕೂ 5 ವರ್ಷ ಮೊದಲು, 1962ರಲ್ಲಿ, ಭಾರತದಲ್ಲಿ ಕಾರಿತಾಸ್ ಸಂಸ್ಥೆ ಹುಟ್ಟಿತ್ತು. ಬಳ್ಳಾರಿ ಧರ್ಮಕ್ಷೇತ್ರಕ್ಕೂ ತನ್ನದೇ ಆದ ಅಭಿವೃದ್ಧಿ ಸಂಸ್ಥೆ ಇದೆ. ಹಾಗೆಂದು ಒಳ್ಳೆಯ ಆಸೆ ಇದ್ದಮಾತ್ರಕ್ಕೆ ಒಳ್ಳೆಯ ಕಾಲೇಜು ತಾನಾಗಿ ಸಿಗುವುದಿಲ್ಲ. ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನ ಮಾತು ಬರುತ್ತದೆ. ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದಿದ್ದರೆ ಅಡಿಪಾಯಕ್ಕೇ ಕೆಲಸ ನಿಂತು, ಕಂಡವರೆಲ್ಲ ನಗುವಂತಾಗುತ್ತದೆ. ಈ ವಾರದ ಪಾಠ ಆ ಲೆಕ್ಕದ್ದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ಸ್ನಾತಕೋತ್ತರ ಪದವಿಯನ್ನು ನಮ್ಮ ದೇಶದಲ್ಲೇ, ಸಾಲವಿಲ್ಲದೆ ಅಥವಾ ಸಣ್ಣ ಸಾಲದಲ್ಲಿ, ಹಳ್ಳಿಯ ಕೆಲಸ ಚೆನ್ನಾಗಿ ಕಲಿಸುವ ಕಡೆ ಮಾಡಬೇಕು. ಆಮೇಲೆ ಎರಡು ಮೂರು ವರ್ಷ ಕೆಲಸ. ಅನಂತರ ಬೇಕೆನಿಸಿದರೆ ವಿದೇಶ, ಅದೂ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ. ಹೊಲ ಒತ್ತೆಯಿಟ್ಟು ನೇರವಾಗಿ ವಿಮಾನ ಹತ್ತುವುದು ಬೇಡ. ಹೀಗೇಕೆ ಎನ್ನುವುದನ್ನು ನಮ್ಮ ಜಿಲ್ಲೆಯ ಉದಾಹರಣೆಗಳಿಂದಲೇ ನೋಡೋಣ.

ನಮ್ಮ ಜಿಲ್ಲೆಯೇ ಒಂದು ಪಾಠ

ಅಂತರರಾಷ್ಟ್ರೀಯ ಅಭಿವೃದ್ಧಿ ಎಂದರೆ ಆಫ್ರಿಕದಲ್ಲೋ ಜಿನೀವಾದಲ್ಲೋ ನಡೆಯುವಂಥದ್ದು ಎಂದು ನಾವು ತಿಳಿದಿದ್ದೇವೆ. ಆದರೆ ಅದು ನಮ್ಮ ಓಣಿಗಳಲ್ಲೇ ನಡೆದುಹೋಗಿದೆ. ಬಸುರಿ ಬಾಣಂತಿಯರ ಸಾವಿನ ವಿಷಯವನ್ನೇ ತೆಗೆದುಕೊಳ್ಳಿ. ಗೀತಾ ಸೇನ್ ಮತ್ತು ಅವರ ಸಹೋದ್ಯೋಗಿಗಳು ಕೊಪ್ಪಳ ಜಿಲ್ಲೆಯಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬಡ ಹೆಂಗಸು ಕಾಯಿಲೆ ಬಿದ್ದಾಗ ಮನೆಯಲ್ಲಿ ಏನಾಗುತ್ತದೆ, ಆಸ್ಪತ್ರೆಯಲ್ಲಿ ಏನಾಗುತ್ತದೆ, ಜಾತಿ, ಬಡತನ, ಹೆಣ್ಣುತನ ಮೂರೂ ಸೇರಿ ಅವಳನ್ನು ಹೇಗೆ ಹಿಂದಕ್ಕೆ ತಳ್ಳುತ್ತವೆ ಎಂಬುದನ್ನು ಕೆದಕಿ ನೋಡಿದರು. ಆ ಲೇಖನ 2007ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾಯಿತು. ಅದೇ ವರ್ಷ ಆಶಾ ಜಾರ್ಜ್ ಅವರು ಕೊಪ್ಪಳದ ತಾಯಂದಿರ ಸಾವಿನ ಬಗ್ಗೆ ಬರೆದ ಲೇಖನ ಹೊರದೇಶದ ಪತ್ರಿಕೆಯೊಂದರಲ್ಲಿ ಬಂತು. 2009ರ ನಂತರ 'ಸುಕ್ಷೇಮ' ಎಂಬ ಯೋಜನೆ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ಕೆಲವು ವರ್ಷ ನಡೆಯಿತು, ಕೊಪ್ಪಳವೂ ಅದರಲ್ಲಿತ್ತು. ಹಣ ಅಮೆರಿಕದ ಗೇಟ್ಸ್ ಫೌಂಡೇಶನ್ನಿನದು, ವಿದ್ಯೆ ಕೆನಡದ ಮ್ಯಾನಿಟೋಬ ವಿಶ್ವವಿದ್ಯಾಲಯದ್ದು, ಕೆಲಸ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನದು.

ಇಂಥ ಯಾವ ಯೋಜನೆಯನ್ನೇ ನೋಡಿ, ಅದರಲ್ಲಿ ಮೂರು ಅಂತಸ್ತು ಇರುತ್ತದೆ. ಮೇಲಿನ ಅಂತಸ್ತಿನಲ್ಲಿ ಯೋಜನೆ ರೂಪಿಸುವವರು, ಹಣ ತರುವವರು. ನಡುವಿನದರಲ್ಲಿ ಜಿಲ್ಲೆಯ ಕೆಲಸ ನಡೆಸುವವರು, ಲೆಕ್ಕ ಇಡುವವರು, ವರದಿ ಬರೆಯುವವರು. ಕೆಳಗಿನದರಲ್ಲಿ ಮನೆಮನೆಗೆ ಹೋಗಿ ಆಶಾ ಕಾರ್ಯಕರ್ತೆಯ ಪಕ್ಕದಲ್ಲಿ ಕೂತು ತಾಯಂದಿರ ಮಾತು ಕೇಳುವವರು. ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಸಿಗುವುದು ಈ ಕೆಳಗಿನ ಅಂತಸ್ತು. ಯೋಜನೆ ಮುಗಿದ ದಿನ ಕೆಲಸವೂ ಮುಗಿಯಿತು. ಅವರಿಗೆ ಬುದ್ಧಿ ಕಡಿಮೆಯೆಂದಲ್ಲ. ಇಂಗ್ಲಿಷಿನಲ್ಲಿ ವರದಿ ಬರೆಯಲು, ಅಂಕಿಸಂಖ್ಯೆ ಓದಲು, ಬಜೆಟ್ ಮಾಡಲು ಅವರಿಗೆ ಯಾರೂ ಕಲಿಸಲಿಲ್ಲ. ಇತ್ತ ಮೇಲಿನವರಿಗೆ ನಮ್ಮ ಭಾಷೆ ಬಾರದು. "ಹೊಟ್ಟಿ ಸುಡತೈತಿ" ಎಂದು ಅಜ್ಜಿಯೊಬ್ಬಳು ಹೇಳಿದರೆ ಅದು ಹಸಿವೋ ಕಾಯಿಲೆಯೋ ಮಗನ ಚಿಂತೆಯೋ ಎಂದು ತಿಳಿಯಲು ಅವರಿಗೆ ದುಭಾಷಿ ಬೇಕು.

ಆದ್ದರಿಂದ ಶಾಲೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದರ ಹೆಸರು ದೊಡ್ಡದೋ ಚಿಕ್ಕದೋ ಎಂಬುದಲ್ಲ. ನನ್ನ ಮಗಳಿಗೆ ಹಳ್ಳಿಯ ಮಾತು ಈಗಾಗಲೇ ಗೊತ್ತಿದೆ. ಅದನ್ನು ಮರೆಸದೆ, ಅವಳಿಗೆ ಬಾರದ ಲೆಕ್ಕ ಮತ್ತು ಬರವಣಿಗೆ ಕಲಿಸಿ ನಡುವಿನ ಅಂತಸ್ತಿಗೆ ಏರಿಸುವ ಶಾಲೆ ಯಾವುದು? ಇದೇ ಪ್ರಶ್ನೆ.

ಮೊದಲು ಸಮಸ್ಯೆ, ಆಮೇಲೆ ಕೋರ್ಸು

ಅಭಿವೃದ್ಧಿ ಎಂಬುದು ಒಂದು ವಿಷಯವಲ್ಲ, ಹತ್ತಾರು ವಿಷಯಗಳ ಸಂತೆ. ಹುಡುಗನಿಗೆ ಯಾವ ಕಷ್ಟ ಕಂಡರೆ ನಿದ್ದೆ ಬರುವುದಿಲ್ಲವೋ ಅದನ್ನು ಹಿಡಿದು ಕೋರ್ಸು ಹುಡುಕಬೇಕು.

ಗಂಗಾವತಿ ಕಡೆಯವರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡಿನಲ್ಲಿ ಬೆಳೆದವರು. ಅಲ್ಲಿ ಕಾಲುವೆಯ ಮೇಲ್ಭಾಗದವರಿಗೆ ನೀರು ಹೆಚ್ಚು, ಕೊನೆಯಂಚಿನವರಿಗೆ ನೀರಿಲ್ಲ. ನೀರು ಹೆಚ್ಚಾದ ಹೊಲ ಸವಳು ಹಿಡಿಯುತ್ತದೆ. ಈ ಸವಳು ಭೂಮಿಯ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಇಂಥ ವಿಷಯದಲ್ಲಿ ಮನಸ್ಸಿದ್ದವನಿಗೆ ಕೃಷಿ ಅರ್ಥಶಾಸ್ತ್ರ ಅಥವಾ ನೀರಿನ ನಿರ್ವಹಣೆ ಸರಿ. ವಿಜ್ಞಾನ ಓದಿದವರು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಬಿಟ್ಟು ದೂರ ನೋಡುವ ಮೊದಲು ಎರಡು ಸಲ ಯೋಚಿಸಲಿ.

ಕುಷ್ಟಗಿ, ಯಲಬುರ್ಗಾದ ಕಥೆ ಬೇರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಿದೆ. ಈ ಎರಡೂ ಅದರಲ್ಲಿವೆ. ಮಳೆ ಕೈಕೊಟ್ಟರೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ. ಬೋರಿನ ನೀರಿನಲ್ಲಿ ಫ್ಲೋರೈಡ್, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಮುದುಕರ ಮಂಡಿ ಹಿಡಿತ. ಗುಳೆ ಹೋದವರ ಮಕ್ಕಳ ಓದು, ಕೂಲಿ, ರೇಷನ್ನು ಎಂದು ಚಿಂತಿಸುವವಳಿಗೆ ಸಮಾಜಕಾರ್ಯ ಸರಿ. ನೀರು, ಕಾಯಿಲೆ, ಬಾಣಂತಿತನ ಎಂದು ಚಿಂತಿಸುವವಳಿಗೆ ಸಾರ್ವಜನಿಕ ಆರೋಗ್ಯ ಸರಿ. ನರ್ಸಿಂಗ್ ಮುಗಿಸಿದ ನಮ್ಮ ಹುಡುಗಿಯರು ಈ ಎರಡನೆಯ ದಾರಿಯನ್ನು ಎಣಿಸುವುದೇ ಇಲ್ಲ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಚ್.ಗೆ ಹಲವು ಕಡೆ ನರ್ಸುಗಳನ್ನೂ ತೆಗೆದುಕೊಳ್ಳುತ್ತಾರೆ. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಈ ಪದವಿ ನಡೆಯುತ್ತಿದೆ. ವಿದೇಶಕ್ಕೆ ನರ್ಸಾಗಿ ಹೋಗುವುದೊಂದೇ ದಾರಿಯಲ್ಲ ಎಂದು ತಿಳಿಸಲು ಇಷ್ಟು ಬರೆದೆವು.

ಪದವಿಯೇ ಇಲ್ಲದೆಯೂ ಅಭಿವೃದ್ಧಿಯ ಕೆಲಸ ನಡೆಯುತ್ತದೆ ಎಂಬುದನ್ನೂ ಮರೆಯಬಾರದು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತು ಜನರ ದುಡಿಮೆ ಮತ್ತು ದೇಣಿಗೆಯಿಂದ ಹಿರೇಹಳ್ಳವನ್ನು ಹೂಳೆತ್ತಿಸಿದರು. ಅಂಥ ಕೆಲಸವನ್ನು ಕಣ್ಣಾರೆ ಕಂಡ ಹುಡುಗನಿಗೆ ತರಗತಿಯಲ್ಲಿ ಜನರ ಸಹಭಾಗಿತ್ವ ಎಂಬ ಪಾಠ ಬಂದಾಗ ಹೇಳಲು ಬಹಳ ಇರುತ್ತದೆ.

ಹತ್ತಿರದ ಶಾಲೆಗಳು, ದೂರದ ಶಾಲೆಗಳು

ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಪದವಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿ ವಿಶ್ವವಿದ್ಯಾಲಯಗಳಲ್ಲಿದೆ. ಹೆಣ್ಣುಮಕ್ಕಳಿಗೆಂದೇ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಇವುಗಳ ಶುಲ್ಕ ನಮ್ಮ ಕೈಗೆ ಎಟಕುವಂಥದ್ದು. ಗದಗದಲ್ಲಿ 2016ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕೊಪ್ಪಳದಿಂದ ಗದಗಿಗೆ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ಹಾದಿ. ಕುಷ್ಟಗಿಗೂ 2025ರ ಮೇ ತಿಂಗಳಲ್ಲಿ ರೈಲು ಬಂದಿದೆ. ಕಾಲ ಬುಡದಲ್ಲಿರುವ ಈ ಶಾಲೆಯ ಹೆಸರು ನಮ್ಮ ಬಹಳ ಮನೆಗಳಲ್ಲಿ ಗೊತ್ತಿಲ್ಲ.

ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಕಥೋಲಿಕ ಭಗಿನಿಯರು ಆರಂಭಿಸಿದ ಸಮಾಜಕಾರ್ಯ ಶಾಲೆ. ಕ್ಷೇತ್ರಕಾರ್ಯದ ಶಿಸ್ತಿಗೆ ಅದಕ್ಕೆ ಒಳ್ಳೆಯ ಹೆಸರಿದೆ. ಗುಳೆ ಹೋದ ನಮ್ಮ ಜನರೇ ಅಲ್ಲಿ ಕಟ್ಟಡ ಕೆಲಸ ಮಾಡುತ್ತಿರುತ್ತಾರೆ ಎಂಬುದನ್ನು ನೆನೆದರೆ, ಕುಷ್ಟಗಿಯ ಹುಡುಗಿಗೆ ಅಲ್ಲಿ ಓದುವುದರಲ್ಲಿ ಬೇರೆಯೇ ಅರ್ಥವಿದೆ.

ಇನ್ನು ದೇಶದ ದೊಡ್ಡ ಶಾಲೆಗಳು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರದು; ಸಮಾಜಕಾರ್ಯ ಶಿಕ್ಷಣ ಭಾರತದಲ್ಲಿ ಅಲ್ಲಿಂದಲೇ ಶುರುವಾಯಿತು. ಅದರ ಗ್ರಾಮೀಣ ಶಾಖೆಯೊಂದು ತುಳಜಾಪುರದಲ್ಲಿದೆ. ನಮ್ಮ ಕಡೆಯ ನೆರೆಹೊರೆಯವರು ಅಂಬಾಭವಾನಿಗೆ ಹರಕೆ ಹೊತ್ತು ಹೋಗುವ ಅದೇ ತುಳಜಾಪುರ. ಗದಗಿನಿಂದ ಸೊಲ್ಲಾಪುರದ ಗಾಡಿ ಹಿಡಿದರೆ ಅಲ್ಲಿಂದ ಬಸ್ಸಿನ ದಾರಿ. ಬರ, ಕಬ್ಬು ಕಡಿಯಲು ಹೋಗುವ ಕೂಲಿಗಳು, ಒಣಭೂಮಿಯ ಬೇಸಾಯ: ಅಲ್ಲಿನ ಪರಿಸರ ಯಲಬುರ್ಗಾದಂತೆಯೇ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಅಭಿವೃದ್ಧಿ ವಿಷಯದಲ್ಲೇ ಎಂ.ಎ. ಇದೆ. ಅದರ ಶುಲ್ಕ ಕೇಳಿ ಎದೆ ಒಡೆದುಕೊಳ್ಳುವುದು ಬೇಡ. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ, ವಸತಿಯಲ್ಲಿ ರಿಯಾಯಿತಿ ಕೊಡುವ ಪದ್ಧತಿ ಅಲ್ಲಿದೆ, ಅರ್ಜಿಯಲ್ಲೇ ಅದನ್ನು ಕೇಳಬೇಕು. ಗುಜರಾತಿನ ಆನಂದ್‌ನಲ್ಲಿ ವರ್ಗೀಸ್ ಕುರಿಯನ್ನರು 1979ರಲ್ಲಿ ಕಟ್ಟಿದ ಇರ್ಮಾ, ಗ್ರಾಮೀಣ ನಿರ್ವಹಣೆಗೆ ಹೆಸರಾದದ್ದು. ಹಾಲಿನ ಸಂಘ, ರೈತರ ಕಂಪನಿ ಇವುಗಳನ್ನು ನಡೆಸಲು ಬೇಕಾದ ವಿದ್ಯೆ ಅಲ್ಲಿದೆ. 2025ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದ ಭಾಗವಾಯಿತು. ಅಲ್ಲಿ ಶುಲ್ಕ ಹೆಚ್ಚು, ಸಂಬಳವೂ ಹೆಚ್ಚು. ವ್ಯಾಪಾರದ ಬುದ್ಧಿ ಇರುವ ಹುಡುಗನಿಗೆ ಮಾತ್ರ ಹೊಂದೀತು.

ಮನೆ ಬಿಟ್ಟು ಹೋಗಲು ಸಾಧ್ಯವೇ ಇಲ್ಲದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಗ್ರಾಮೀಣಾಭಿವೃದ್ಧಿ ಎಂ.ಎ. ಇದೆ. ದೂರಶಿಕ್ಷಣವೆಂದು ಅದನ್ನು ಕೀಳಾಗಿ ಕಾಣಬೇಕಿಲ್ಲ. ಸಂಸ್ಥೆಯಲ್ಲಿ ದುಡಿಯುತ್ತಲೇ ಓದಿದವನ ಅನುಭವ, ಬರೀ ತರಗತಿಯಲ್ಲಿ ಕೂತವನಿಗಿಂತ ಗಟ್ಟಿಯಾಗಿರುತ್ತದೆ.

ಒಂದು ಎಚ್ಚರಿಕೆ. ದೇಶಮಟ್ಟದ ಶಾಲೆಗಳ ಅರ್ಜಿ ಚಳಿಗಾಲದಲ್ಲೇ ಬಂದು ಹೋಗುತ್ತದೆ. ಟಾಟಾ ಸಂಸ್ಥೆಗೆ 2024ರಿಂದ ಸಿ.ಯು.ಇ.ಟಿ.-ಪಿ.ಜಿ. ಎಂಬ ಪ್ರವೇಶ ಪರೀಕ್ಷೆ ಬರೆಯಬೇಕಾಗಿದೆ. ಅರ್ಜಿ ಡಿಸೆಂಬರ್-ಜನವರಿಯಲ್ಲಿ, ಪರೀಕ್ಷೆ ಮಾರ್ಚಿನಲ್ಲಿ. ಪದವಿಯ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಜುಲೈವರೆಗೆ ಕೂತವನಿಗೆ ಆ ವರ್ಷ ಬಾಗಿಲು ಮುಚ್ಚಿರುತ್ತದೆ. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು.

ಶಾಲೆಗೆ ಹೋಗಿ ಏನು ಕೇಳಬೇಕು?

ನಾವು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ. ಎರಡು ವರ್ಷ ಮಗಳನ್ನು ಒಪ್ಪಿಸುವ ಶಾಲೆಯನ್ನು ಮಾತ್ರ ಬಣ್ಣದ ಪುಸ್ತಕ ನೋಡಿ ಒಪ್ಪುತ್ತೇವೆ. ಸಾಧ್ಯವಾದರೆ ತಂದೆಯೋ ಅಣ್ಣನೋ ಜೊತೆಗೆ ಹೋಗಿ, ವಾರದಲ್ಲಿ ಎಷ್ಟು ದಿನ ಕ್ಷೇತ್ರಕಾರ್ಯ ಎಂದು ಕೇಳಬೇಕು. ಒಳ್ಳೆಯ ಎಂ.ಎಸ್.ಡಬ್ಲ್ಯೂ. ಶಾಲೆಯಲ್ಲಿ ವಾರಕ್ಕೆ ಎರಡು ದಿನ ಹೊರಗಿನ ಕೆಲಸ, ಒಂದು ಗ್ರಾಮೀಣ ಶಿಬಿರ, ಕೊನೆಯಲ್ಲಿ ಒಂದು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಇದ್ದು ಕಲಿಯುವುದು ಇರುತ್ತದೆ. ಆ ಎರಡು ದಿನ ಅಧ್ಯಾಪಕರು ಜೊತೆಗೆ ಬರುತ್ತಾರೋ, ವಿದ್ಯಾರ್ಥಿ ಬರೆದ ವರದಿಯನ್ನು ಓದಿ ತಿದ್ದುತ್ತಾರೋ, ಅಥವಾ ಸಹಿ ಹಾಕಿ ಕಪಾಟಿನಲ್ಲಿ ಇಡುತ್ತಾರೋ? ಇದೊಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ.

ಅಂಕಿಅಂಶ ಶಾಸ್ತ್ರವನ್ನು ಹೇಗೆ ಕಲಿಸುತ್ತಾರೆ, ಕಂಪ್ಯೂಟರಿನಲ್ಲಿ ಮಾಡಿಸುತ್ತಾರೋ ಬರೀ ಸೂತ್ರ ಬರೆಸುತ್ತಾರೋ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರವಣಿಗೆಗೆ ಬೇರೆ ಪಾಠ ಉಂಟೋ? ಹಿಂದಿನ ಎರಡು ವರ್ಷ ಓದಿ ಹೋದವರು ಈಗ ಎಲ್ಲಿದ್ದಾರೆ? ಇದಕ್ಕೆ ಶಾಲೆಯವರ ಉತ್ತರ ಸಾಲದು. ಓದಿ ಮುಗಿಸಿದ ಇಬ್ಬರ ಫೋನ್ ನಂಬರ್ ಕೇಳಿ ಪಡೆದು, ಮೊದಲ ಸಂಬಳ ಎಷ್ಟು ಬಂತು, ಎಷ್ಟು ತಿಂಗಳು ಖಾಲಿ ಕೂತಿರಿ ಎಂದು ನೇರವಾಗಿ ವಿಚಾರಿಸಬೇಕು. ನಾಚಿಕೊಳ್ಳುವ ವಿಷಯ ಇದಲ್ಲ.

ಹೆಣ್ಣುಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಕೊಳಚೆ ಪ್ರದೇಶಕ್ಕೆ, ಹಳ್ಳಿಗೆ ಒಬ್ಬಳೇ ಹೋಗಬೇಕಾಗುತ್ತದೆ ಎಂದು ನೀವು ಹೆದರುವುದು ಸಹಜ. ಹಾಸ್ಟೆಲ್ಲಿನ ವಾರ್ಡನ್ ಯಾರು, ಕ್ಷೇತ್ರಕ್ಕೆ ಜೋಡಿಯಾಗಿ ಕಳಿಸುತ್ತಾರೋ ಎಂದು ಕೇಳಿ ಸಮಾಧಾನ ಮಾಡಿಕೊಳ್ಳಿ. ಆದರೆ ಹೆದರಿಕೆಯಿಂದ ದಾರಿ ಮುಚ್ಚಬೇಡಿ. ನಮ್ಮ ಊರಿನ ಬಾಣಂತಿ ತನ್ನ ಸಂಕಟವನ್ನು ಗಂಡಸಿನ ಮುಂದೆ ಹೇಳುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಲು ಓದಿದ ಹೆಣ್ಣುಮಗಳೇ ಬೇಕು.

ವಿದೇಶದ ಲೆಕ್ಕ

ಅಭಿವೃದ್ಧಿ ಅಧ್ಯಯನಕ್ಕೆ ಜಗತ್ತಿನಲ್ಲಿ ಹೆಸರಾದ ಶಾಲೆಗಳಿವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1966ರಲ್ಲಿ ಸ್ಥಾಪನೆಯಾದ ಐ.ಡಿ.ಎಸ್., ನೆದರ್ಲೆಂಡಿನ ಹೇಗ್ ನಗರದಲ್ಲಿ 1952ರಲ್ಲಿ ಆರಂಭವಾದ ಐ.ಎಸ್.ಎಸ್. ಬಹಳ ಹಳೆಯವು. ಬೆಲ್ಜಿಯಮ್ಮಿನ ಲೂವೆನ್, ಅಮೆರಿಕದ ನೋತ್ರ್ ದಾಮ್, ಯೇಸುಸಭೆಯವರ ಫೋರ್ಡಮ್ ಇವು ಕಥೋಲಿಕ ಹಿನ್ನೆಲೆಯ ವಿಶ್ವವಿದ್ಯಾಲಯಗಳು. ಇಲ್ಲಿಯೂ ಈ ವಿಷಯ ಕಲಿಸುತ್ತಾರೆ. ಅಲ್ಲಿ ಕಲಿಯುವುದಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವುದಿಲ್ಲ. ಘಾನಾದ ರೈತನ ಕಷ್ಟವನ್ನೂ ಬ್ರೆಜಿಲ್ಲಿನ ಕೂಲಿಯ ಕಷ್ಟವನ್ನೂ ಅದೇ ಮೇಜಿನ ಮೇಲೆ ಇಟ್ಟು ಮಾತಾಡುವ ಅವಕಾಶ ಇಲ್ಲಿ ಸಿಗುವುದಿಲ್ಲ.

ಆದರೆ ಲೆಕ್ಕ ನೋಡಿ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎ.ಗೆ ಹೊರದೇಶದವರಿಗೆ ಶುಲ್ಕವೇ 20 ಲಕ್ಷ ರೂಪಾಯಿಗೆ ಮೇಲೆ. ಊಟ, ವಸತಿ, ವೀಸಾ, ವಿಮಾನ ಸೇರಿದರೆ 30 ಲಕ್ಷ ದಾಟುವುದು ಸಾಮಾನ್ಯ. ಯಲಬುರ್ಗಾ ಕಡೆಯ ಒಂದು ಕುಟುಂಬವನ್ನು ಎಣಿಸಿಕೊಳ್ಳಿ: 4 ಎಕರೆ ಎರೆ ಹೊಲ, ಒಬ್ಬಳೇ ಮಗಳು ಬಿ.ಎ. ಮುಗಿಸಿದ್ದಾಳೆ. ಹೊಲ ಒತ್ತೆಯಿಟ್ಟು 30 ಲಕ್ಷ ಸಾಲ ತಂದರು ಎನ್ನೋಣ. ಬಡ್ಡಿ ಶೇಕಡ 11, ತೀರಿಸಲು 10 ವರ್ಷ. ತಿಂಗಳ ಕಂತು 41 ಸಾವಿರ ರೂಪಾಯಿಗೂ ಹೆಚ್ಚು. 10 ವರ್ಷದಲ್ಲಿ ಕಟ್ಟುವುದು ಒಟ್ಟು 49 ಲಕ್ಷಕ್ಕೆ ಮೇಲೆ. ಓದುವಾಗ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಹಿಂದಿರುಗಿ ಬಂದು ಜಿಲ್ಲೆಯ ಮಟ್ಟದ ಸ್ವಯಂಸೇವಾ ಸಂಸ್ಥೆಗೆ ಸೇರಿದರೆ, ಆ ಕಂತಿನ ಅರ್ಧದಷ್ಟು ಸಂಬಳ ಸಿಕ್ಕರೂ ಪುಣ್ಯ. ಆಗ ಆ ಹುಡುಗಿ ಬಡವರ ಕೆಲಸ ಮಾಡಲಾರಳು. ಸಾಲಕ್ಕಾಗಿ ಬೆಂಗಳೂರಿನ ಯಾವುದಾದರೂ ಕಂಪನಿಗೆ ಹೋಗಿ ಕೂಡುತ್ತಾಳೆ. ಯಾವ ಆಸೆಗಾಗಿ ಓದಿದಳೋ ಆ ಆಸೆಯನ್ನೇ ಸಾಲ ನುಂಗುತ್ತದೆ.

ಅಲ್ಲೇ ಉಳಿದು ದುಡಿದು ತೀರಿಸಿದರಾಯಿತು ಎನ್ನುವವರಿದ್ದಾರೆ. ಆ ದಾರಿಯೂ ಇಕ್ಕಟ್ಟಾಗಿದೆ. ಇಂಗ್ಲೆಂಡಿನಲ್ಲಿ ಓದು ಮುಗಿದ ಮೇಲೆ ಉಳಿಯಲು ಕೊಡುತ್ತಿದ್ದ 2 ವರ್ಷದ ವೀಸಾ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳೆಂದು ತೀರ್ಮಾನವಾಗಿದೆ. ಇನ್ನೂ ದೊಡ್ಡ ಬದಲಾವಣೆ ನೆರವಿನ ಹಣದಲ್ಲೇ ಆಗಿದೆ. 1961ರಿಂದ ನಡೆದುಬಂದಿದ್ದ ಅಮೆರಿಕದ ಯು.ಎಸ್.ಏಡ್ ಸಂಸ್ಥೆ 2025ರ ಜುಲೈ 1ರಂದು ಮುಚ್ಚಿಹೋಯಿತು. ಸಾವಿರಾರು ಅನುಭವಿಗಳು ಕೆಲಸ ಕಳೆದುಕೊಂಡು ಬೀದಿಗೆ ಬಂದರು. ಅಮೆರಿಕದ ಕಥೋಲಿಕ ಧರ್ಮಸಭೆಯ ಸೇವಾಸಂಸ್ಥೆಯಾದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ಗೆ ಕೂಡ ಅದರಿಂದ ಭಾರಿ ಪೆಟ್ಟು ಬಿತ್ತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡ 0.5ರಿಂದ 2027ಕ್ಕೆ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಹೊಸದಾಗಿ ಪದವಿ ಹಿಡಿದು ಬರುವ ಹುಡುಗಿ, 15 ವರ್ಷ ಅನುಭವ ಇದ್ದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು.

ನಮ್ಮ ದೇಶದಲ್ಲೂ ಗಾಳಿ ತಿರುಗಿದೆ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಿಂದ, ಒಂದು ಸಂಸ್ಥೆಗೆ ಬಂದ ಹೊರದೇಶದ ಹಣವನ್ನು ಇನ್ನೊಂದು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತದ ಖರ್ಚು ಶೇಕಡ 20 ಮೀರುವಂತಿಲ್ಲ. ಹಳ್ಳಿಯ ಸಣ್ಣ ಸಂಸ್ಥೆಗಳು ಇದರಿಂದ ಸೊರಗಿವೆ. ಅದೇ ಹೊತ್ತಿಗೆ 2013ರ ಕಂಪನಿ ಕಾಯ್ದೆಯಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕಾಗಿದೆ. ಹೀಗಾಗಿ ಕೆಲಸಗಳು ಕಂಪನಿಗಳ ಪ್ರತಿಷ್ಠಾನಗಳ ಕಡೆಗೆ, ಸರ್ಕಾರದ ಯೋಜನೆಗಳ ಕಡೆಗೆ ಸರಿದಿವೆ. ಅಲ್ಲಿ ಕೇಳುವುದು ಕನ್ನಡ ಬಲ್ಲವರನ್ನು, ಜಿಲ್ಲೆ ಬಲ್ಲವರನ್ನು.

ಹಾಗಾದರೆ ವಿದೇಶ ಯಾವಾಗ? ವಿಶ್ವಸಂಸ್ಥೆಯ ನಿಯಮವೇ ಉತ್ತರ ಕೊಡುತ್ತದೆ. ಅಲ್ಲಿ ವೃತ್ತಿಪರ ಹುದ್ದೆಯ ಪಿ-2 ಎಂಬ ಮೆಟ್ಟಿಲಿಗೆ ಸ್ನಾತಕೋತ್ತರ ಪದವಿಯ ಜೊತೆ ಕನಿಷ್ಠ 2 ವರ್ಷ ಅನುಭವ ಬೇಕು, ಪಿ-3ಕ್ಕೆ 5 ವರ್ಷ. ಬ್ರಿಟನ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೂ 2 ವರ್ಷದ ಅನುಭವ ಕೇಳುತ್ತಾರೆ. ಓದಿದ ಮೇಲೆ 2 ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಕಟ್ಟೂ ಇದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದವರು ನೀನು ಓದಿ ಹೋಗಿ ನಿನ್ನ ಊರಿಗೆ ಏನು ಮಾಡುವೆ ಎಂದು ಕೇಳುತ್ತಾರೆ. ಯುರೋಪಿನ ಎರಸ್ಮಸ್ ಮುಂಡಸ್ ಕೂಡ ಪೂರ್ತಿ ಖರ್ಚು ಕೊಡುತ್ತದೆ. ಮೂರು ವರ್ಷ ಕುಷ್ಟಗಿಯ ಹಳ್ಳಿಗಳಲ್ಲಿ ಫ್ಲೋರೈಡ್ ನೀರಿನ ಮೇಲೆ ದುಡಿದವಳಿಗೆ ಆ ಪ್ರಶ್ನೆಗೆ ಬರೆಯಲು ನಿಜವಾದ ಉತ್ತರ ಇರುತ್ತದೆ. ನೇರ ಬಿ.ಎ. ಮುಗಿಸಿ ಬಂದವಳು ಪುಸ್ತಕದಿಂದ ನಕಲು ಮಾಡಬೇಕು.

ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ವಿದೇಶ ಓದಿನ ಏಜೆಂಟರ ಬೋರ್ಡುಗಳು ತುಂಬಿವೆ. ನಮ್ಮ ಸೇವೆ ಉಚಿತ ಎಂದು ಅವರು ಹೇಳುತ್ತಾರೆ. ಉಚಿತವಲ್ಲ, ಹುಡುಗ ಕಟ್ಟುವ ಶುಲ್ಕದಲ್ಲಿ ವಿಶ್ವವಿದ್ಯಾಲಯದವರು ಅವರಿಗೆ ಕಮಿಷನ್ ಕೊಡುತ್ತಾರೆ. ಆದ್ದರಿಂದ ಅವರು ತೋರಿಸುವುದು ಕಮಿಷನ್ ಕೊಡುವ ಶಾಲೆಗಳನ್ನು. ವಿದ್ಯಾರ್ಥಿವೇತನದ ಅರ್ಜಿಯನ್ನು ಯಾವ ಏಜೆಂಟನೂ ಇಲ್ಲದೆ ನಾವೇ ಹಾಕಬಹುದು.

ಕಾಗದಪತ್ರಗಳು

ಸಂವಿಧಾನದ 371(ಜೆ) ವಿಧಿ 2012ರ ತಿದ್ದುಪಡಿಯಿಂದ ಬಂದದ್ದು. ಕೊಪ್ಪಳ ಜಿಲ್ಲೆಯವರಿಗೆ ಇದರ ಲಾಭವಿದೆ. ಕಲ್ಯಾಣ ಕರ್ನಾಟಕದೊಳಗಿನ ವಿಶ್ವವಿದ್ಯಾಲಯಗಳಲ್ಲಿ ಶೇಕಡ 70ರಷ್ಟು ಸೀಟು ಈ ಭಾಗದವರಿಗೆ, ರಾಜ್ಯದ ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8. ಬಳ್ಳಾರಿಗೆ ಅರ್ಜಿ ಹಾಕುವಾಗ ಈ ಪ್ರಮಾಣಪತ್ರ ಇದ್ದರೆ ದೊಡ್ಡ ಅನುಕೂಲ. ಟಾಟಾ ಸಂಸ್ಥೆಗೆ ಇದು ಸಲ್ಲುವುದಿಲ್ಲ. ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯಬೇಕು, ಅದಕ್ಕೆ ಓದಿದ ಮತ್ತು ವಾಸದ ದಾಖಲೆಗಳು ಬೇಕು.

ಮೀಸಲಾತಿಯ ವಿಷಯದಲ್ಲಿ ನಮ್ಮವರಿಗೆ ಗೊಂದಲ ಹೆಚ್ಚು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿ ಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಆದರೆ 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಹಾಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನು ಆ ಹೆಸರಿನಲ್ಲಿ ನಮ್ಮವರು ಕೇಳುವಂತಿಲ್ಲ. ಅದೇ ಯೋಜನೆಯಲ್ಲಿ ಭೂರಹಿತ ಕೃಷಿ ಕೂಲಿಕಾರರಿಗೂ ಸಾಂಪ್ರದಾಯಿಕ ಕುಶಲಕರ್ಮಿಗಳಿಗೂ ಅವಕಾಶವಿದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಭಾರತದ ಸಮಾಜದ ಬಗ್ಗೆಯೇ ಅಧ್ಯಯನ ಮಾಡುವ ವಿಷಯಗಳಿಗೆ ಈ ಹಣ ಇಲ್ಲವೆಂದು 2022ರ ನಿಯಮಗಳಲ್ಲಿ ಸೇರಿಸಿದರು. ಅಭಿವೃದ್ಧಿ ಓದುವವರಿಗೆ ಇದು ನೇರ ಪೆಟ್ಟು, ವಿಷಯ ಬರೆಯುವಾಗ ನೋಡಿಕೊಳ್ಳಬೇಕು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ವಿದೇಶ ವಿದ್ಯಾರ್ಥಿವೇತನ ಬೇರೆಯೇ ಇದೆ; ಆಯಾ ವರ್ಷದ ಪ್ರಕಟಣೆಯಲ್ಲಿ ಯಾವ ವಿಷಯ, ಯಾವ ವಿಶ್ವವಿದ್ಯಾಲಯ ಎಂದು ಕೊಪ್ಪಳದ ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಕೊನೆಗೆ ಹೆಸರಿನ ವಿಷಯ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇರುವ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ. ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟು, ವಿದ್ಯಾರ್ಥಿವೇತನ ಎಲ್ಲವೂ ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಪದವಿಯ ಎರಡನೆಯ ವರ್ಷದಲ್ಲೇ ಸರಿಪಡಿಸಿಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ.